ವಿಮಾನವಿಲ್ಲದ ಚಿತ್ರ

೧೯೩೭ರ ಏಪ್ರಿಲ್ ಇಪ್ಪತ್ತಾರು, ಸೋಮವಾರ, ಸಂತೆಯ ದಿನ, ಸ್ಪೇನಿನ ಗೆರ್ನಿಕಾದ ಮೇಲೆ ವಿಮಾನಗಳು ಮೂರು ಗಂಟೆ ಹೊತ್ತು ಬಾಂಬು ಸುರಿದವು. ಹೊಲದ ಕಡೆ ಓಡುತ್ತಿದ್ದ ಫೆರ್ಮಿನಾ ಬೆನ್ನಿಗೆ ವಿಮಾನದ ಗುಂಡು ಬಿದ್ದು ಸತ್ತಳು. ವಿಮಾನ ಕಳಿಸಿ ಗೆದ್ದವರು ಊರೊಳಗೆ ಬಂದ ಮೇಲೆ ಸಾವಿನ ದಾಖಲೆಯಲ್ಲಿ, ‘ಓಡಿಹೋಗುವಾಗ ಕೆಂಪರು ಊರಿಗೆ ಹಚ್ಚಿದ ಬೆಂಕಿಯಲ್ಲಿ ಸುಟ್ಟು ಸತ್ತಳು’ ಎಂದು ಬರೆಸಿದರು. ಕೆಂಪರು ಎಂದರೆ ಅವರ ಬಾಯಲ್ಲಿ ಯುದ್ಧ ಸೋತವರು.

ಮೂವತ್ತೆರಡು ವರ್ಷದ ಮೇಲೆ, ಇನ್ನೊಂದು ಸೋಮವಾರ. ಸಂತೆ ಮುಗಿಸಿ ಬಂದ ರೈತರು ಫೆರ್ಮಿನಾಳ ಅಕ್ಕ ಹಿಲಾರಿಯಾಳ ಪಾನದಂಗಡಿಯಲ್ಲಿ ಕೂತು ಮುಸ್ ಎಂಬ ಇಸ್ಪೀಟಾಟ ಆಡುತ್ತಿದ್ದರು. ಪೀಪಾಯಿಗಳ ಪಕ್ಕದ ಗೋಡೆಯ ಮೇಲೆ ಫೋನು ಬಡಿದುಕೊಂಡಿತು. ಹಿಲಾರಿಯಾ ಎತ್ತಿದಳು; ಅಂಗಡಿಗೆ ಕೇಳಿದ್ದು ಅವಳ ಮಾತು ಮಾತ್ರ.

“ಹಲೋ… ಯಾರು ಮಾತಾಡ್ತಿರೋದು?… ಯಾರು?… ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಇಸ್ಪೀಟಿನ ಗಲಾಟೆ…”

“ಹಾಂ, ಎವಾರಿಸ್ತೊ. ಪುರಸಭೆಯ ಕಾರ್ಯದರ್ಶಿ ಸಾಹೇಬರು. ಹೇಳಪ್ಪ… ಏನು, ‘ನೀವು’ ಅಂತಿದ್ದೀಯ? ಐವತ್ತು ವರ್ಷದಿಂದ ‘ಏನೇ’ ಅಂದವನು, ಇವತ್ತೇನು ಬಹುವಚನ?… ಅದೂ ಸ್ಪ್ಯಾನಿಷ್‌ನಲ್ಲಿ. ನಮ್ಮ ಮಾತು ಮರೆತು ಹೋಯ್ತಾ?…”

“ಓ. ಪಕ್ಕದಲ್ಲಿ ಯಾರೋ ಇದ್ದಾರೆ, ಅಲ್ವಾ?… ಹೂಂ ಅನ್ನಬೇಡ, ಗೊತ್ತಾಯ್ತು. ಪೊಲೀಸ್ ಲೆಫ್ಟಿನೆಂಟ್ ತಾನೆ?…”

ಮುಸ್ ಆಡುತ್ತಿದ್ದ ನಾಲ್ವರೂ ಎಲೆಗಳನ್ನು ಕವುಚಿ ಹಾಕಿದರು. ಕುರಿ ಸಾಕುವ ಮುದುಕ ಅಂಬ್ರೋಸಿಯೊ ಎದ್ದು ಬಾಗಿಲಿನಿಂದ ಬೀದಿಯ ಎರಡೂ ತುದಿ ನೋಡಿ ಬಂದ. ಹಿಲಾರಿಯಾ ಒದ್ದೆ ಕೈಯನ್ನು ಸೊಂಟದ ಬಟ್ಟೆಗೆ ಒರೆಸಿ, ಎದುರಿನ ಗೋಡೆ ನೋಡಿದಳು. ಕ್ಯಾಲೆಂಡರ್ ಮೇಜಿನ ಮೇಲಿತ್ತು. ಊರು ಉರಿದ ಆ ಸೋಮವಾರದ ಚಿತ್ರ, ಕಾಗದದ ಅಚ್ಚುಪ್ರತಿ, ಗೋಡೆಯ ಮೇಲಿತ್ತು.

ಹದಿನೈದು ವರ್ಷದಿಂದ ಅದು ಅಲ್ಲೇ ಇದೆ. ವಾರದ ಆರು ದಿನ ಅದರ ಮೇಲೆ ಬೀಜದಂಗಡಿಯವರ ದೊಡ್ಡ ಕ್ಯಾಲೆಂಡರ್. ಸೋಮವಾರ ಮಾತ್ರ ಕ್ಯಾಲೆಂಡರ್ ಕೆಳಗಿಳಿಯುತ್ತದೆ. ಇದನ್ನು ಯಾರೂ ಗೊತ್ತುಮಾಡಿದ್ದಲ್ಲ. ಸೋಮವಾರ ಸತ್ತವರಿಗೆ ಸೋಮವಾರವೇ ಮುಖ ತೋರಿಸಬೇಕು ಎಂದು ಅವಳಿಗೆ ಅನ್ನಿಸಿತ್ತು, ಅಷ್ಟೆ. ಉಪ್ಪು ಮೀನಿನ ವ್ಯಾಪಾರಿಯೊಬ್ಬ ಎರಡು ಒಣಮೀನಿನ ಹಾಳೆಗಳ ನಡುವೆ ಅದನ್ನು ಇಟ್ಟು ಫ್ರಾನ್ಸಿನ ಗಡಿ ದಾಟಿಸಿದ್ದ. ತೇವದ ದಿನಗಳಲ್ಲಿ ಈಗಲೂ ಮೀನು ನಾರುತ್ತದೆ.

“ಹಾಂ, ಇದೆ. ಇಲ್ಲ ಅಂತ ಯಾಕೆ ಹೇಳಲಿ, ಎದುರಿಗೇ ಇದೆ… ಯಾರು ಹೇಳಿದ್ರು ಅಂತ ಕೇಳಲ್ಲ. ಕೇಳಿದ್ರೆ ನಾಳೆ ಅವನಿಗೆ ವೈನ್ ಬಗ್ಗಿಸೋಕೆ ಕೈ ಬರಲ್ಲ…”

“ತೆಗೀಬೇಕು, ಅಷ್ಟೇ ತಾನೆ?… ಬೇಡ್ವಾ?… ತೆಗೆಯೋದು ಬೇಡ್ವಾ?… ಎವಾರಿಸ್ತೊ, ಕುಡಿದಿದ್ದೀಯಾ?…”

ಅವಳು ತಿರುಗಿ, ಫೋನಿನ ಬಾಯಿಗೆ ಕೈ ಮುಚ್ಚಿ, ತೆಗೆಯುವುದು ಬೇಡವಂತೆ ಎಂದು ರೈತರಿಗೆ ಹೇಳಿದಳು. ಯಾರೂ ನಗಲಿಲ್ಲ. ಸರ್ಕಾರ ಕೈ ಎತ್ತಿದರೆ ಭಯ. ಕೈ ಎತ್ತದೆ ತಲೆ ಸವರಿದರೆ ಇನ್ನೂ ಭಯ. ಹುಲಿ ಹುಲ್ಲು ತಿನ್ನುತ್ತೇನೆಂದರೆ ಕುರಿಗೆ ಅರ್ಥವಾಗದೆ ಇರುತ್ತದೆಯೇ.

“ಹೇಳು, ಕೇಳ್ತಿದ್ದೀನಿ… ಮ್ಯಾಡ್ರಿಡ್‌ನವರು?… ನ್ಯೂಯಾರ್ಕಿಂದ ತರಿಸ್ಕೋತಾರಂತಾ? ಆ ದೊಡ್ಡ ಚಿತ್ರಾನಾ?… ಇಷ್ಟು ದಿನ ಅಚ್ಚಾದ ಹಾಳೆ ಸಿಕ್ಕಿದ್ರೂ ಜೈಲಿಗೆ ಹಾಕ್ತಿದ್ರಲ್ಲ, ಅದೇ ಚಿತ್ರಾನಾ?… ದೇಶದ ಆಸ್ತಿಯಂತೆ. ಯಾವತ್ತಿಂದ?…”

ಚಿತ್ರ ಬರೆದವನು ಆ ಸೋಮವಾರ ಈ ಊರಿನಲ್ಲಿರಲಿಲ್ಲ. ಪ್ಯಾರಿಸ್ಸಿನಲ್ಲಿ ಪತ್ರಿಕೆ ಓದಿ, ಪತ್ರಿಕೆಯದೇ ಕಪ್ಪು ಬಿಳುಪಿನಲ್ಲಿ, ಗೋಡೆಯಗಲದ ಬಟ್ಟೆಯ ಮೇಲೆ ಬರೆದ. ಅದು ದೇಶದೇಶ ಸುತ್ತಿ ನ್ಯೂಯಾರ್ಕಿನಲ್ಲಿ ನಿಂತಿತು. ಸ್ಪೇನಿಗೆ ಸ್ವಾತಂತ್ರ್ಯ ಮರಳುವ ತನಕ ಚಿತ್ರವೂ ಮರಳಬಾರದು ಎಂಬುದು ಅವನ ಮಾತು. ಊರು ಕಾಣದವನು ಬರೆದದ್ದರಲ್ಲಿ ಊರಿನವರು ತಮ್ಮ ತಮ್ಮವರನ್ನು ಹುಡುಕಿಕೊಂಡಿದ್ದರು. ದೀಪ ಹಿಡಿದವಳು ರೊಟ್ಟಿಯಂಗಡಿಯ ವಿಧವೆ ಎಂದು ಒಬ್ಬ. ಕುದುರೆ ತನ್ನ ಮಾವನದು ಎಂದು ಇನ್ನೊಬ್ಬ. ಹೋರಿ ಮಾತ್ರ ನಮ್ಮೂರಿನದಲ್ಲ, ಇಷ್ಟು ಕೊಬ್ಬಿದ್ದನ್ನು ಮಧ್ಯಾಹ್ನದೊಳಗೇ ಮಾರಿರುತ್ತಿದ್ದೆವು ಎಂದು ಅಂಬ್ರೋಸಿಯೊ.

“ಐದು ಗಂಟೆಗೆ?… ಪತ್ರಿಕೆಯವರು ಬರ್ತಾರೆ, ಸರಿ. ಫೋಟೋ ತೆಗೀತಾರೆ, ಸರಿ. ನಾನು ಚಿತ್ರದ ಕೆಳಗೆ ನಿಲ್ಲಬೇಕು… ಹೂಂ… ಕೆಳಗೆ ಏನು ಅಂಟಿಸಬೇಕು?… ಓದು. ನಿಧಾನಕ್ಕೆ ಓದು…”

ಅವನು ಓದುತ್ತಿದ್ದಂತೆ ಅವಳು ಒಂದೊಂದೇ ಮಾತನ್ನು ಜೋರಾಗಿ ತಿರುಗಿ ಹೇಳಿದಳು, ಅಂಗಡಿಗೆಲ್ಲ ಕೇಳಲಿ ಎಂದು.

“‘ಕೆಂಪರು… ತಾವೇ ಸುಟ್ಟ… ಊರಿನ ಚಿತ್ರ.’ ಅದರ ಕೆಳಗೆ?… ‘ಕಣ್ಣಾರೆ ಕಂಡೆ.’ ಅದರ ಕೆಳಗೆ ನನ್ನ ರುಜು… ಅಷ್ಟು ಮಾಡಿದ್ರೆ ಅಂಗಡಿಯ ಪರವಾನಗಿ ಉಳಿಯತ್ತೆ. ಮಾಡದೆ ಇದ್ರೆ?… ಇವತ್ತೇ ಬೀಗ. ನಾನು?… ಎಷ್ಟು ತಿಂಗಳು ಜೈಲು?… ಆರು.”

ಅರವತ್ತೊಂದು ವರ್ಷದ ಹೆಂಗಸು. ಈ ಅಂಗಡಿಯ ಹಿಂದಿನ ಕೋಣೆ ಬಿಟ್ಟರೆ ಅವಳಿಗೆ ಬೇರೆ ಮನೆಯಿಲ್ಲ. ಗೋಡೆಯ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಆ ಸೋಮವಾರ ವಿಮಾನ ಬಂತೆಂದು ಇಗರ್ಜಿಯ ಗಂಟೆ ಬಡಿದದ್ದೂ ಇದೇ ಹೊತ್ತಿಗೆ.

“ಹಾಂ?… ಏನಂತಾನೆ ಅವನು?… ಚಿತ್ರದಲ್ಲಿ ವಿಮಾನವೇ ಇಲ್ಲ ಅಂತಾನಾ?…”

ಅವಳು ಫೋನಿನ ತಂತಿ ಎಟುಕುವಷ್ಟು ಮುಂದೆ ಹೋಗಿ ನೋಡಿದಳು. ಹದಿನೈದು ವರ್ಷ ವಾರವಾರವೂ ನೋಡಿದ್ದಳು, ಇದನ್ನು ನೋಡಿರಲಿಲ್ಲ. ಮೂಲೆಯಿಂದ ಮೂಲೆಗೆ ಹುಡುಕಿದಳು. ನಿಜ. ರೆಕ್ಕೆಯಿಲ್ಲ, ಬಾಂಬಿಲ್ಲ. ಉರಿಯುವ ಮನೆ ಇತ್ತು, ಬೆಂಕಿ ಇತ್ತು. ಹಚ್ಚಿದವನು ಇರಲಿಲ್ಲ. ಕೆಳಗೆ ಯಾವ ಚೀಟಿ ಅಂಟಿಸಿದರೂ ಕೂತುಬಿಡುತ್ತದೆ. ಅತ್ತ ಅವನು ಮಾತಾಡುತ್ತಲೇ ಇದ್ದ, ಅವಳು ಕೇಳಲಿಲ್ಲ. ಕತ್ತೆತ್ತಿ ನಿಂತಿದ್ದವಳಿಗೆ ಕತ್ತು ನೋಯುತ್ತಿತ್ತು. ಆ ನೋವಿನಲ್ಲೇ ಅವಳಿಗೆ ಕಂಡಿತು.

“ಎವಾರಿಸ್ತೊ, ಸುಮ್ನಿರು. ಒಂದು ನಿಮಿಷ ಸುಮ್ನಿರು… ಅವನಿಗೆ ಹೇಳು. ವಿಮಾನ ಇಲ್ಲ, ಒಪ್ಪಿದೆ. ಆದ್ರೆ ಸತ್ತ ಮಗು ಎತ್ಕೊಂಡವಳು ಎಲ್ಲಿ ನೋಡ್ತಿದ್ದಾಳೆ?… ಬೆಂಕಿಯಿಂದ ಬೀಳ್ತಿರೋಳು?… ಮಂಡಿ ಎಳ್ಕೊಂಡು ಬರ್ತಿರೋಳು?… ಎಲ್ಲರ ಕತ್ತೂ ಮೇಲಕ್ಕಿದೆ ಕಣೋ. ತಮ್ಮ ಮನೆಗೆ ತಾವೇ ಕೊಳ್ಳಿ ಇಟ್ಟವರು ಆಕಾಶ ಯಾಕೆ ನೋಡ್ತಾರೆ?…”

ಅಂಗಡಿಯಲ್ಲಿ ಕುರ್ಚಿಗಳು ಒಂದೊಂದಾಗಿ ಸರಿದವು. ರೈತರು ಎದ್ದು ಚಿತ್ರದ ಮುಂದೆ ನಿಂತು, ಟೊಪ್ಪಿ ಹಿಂದಕ್ಕೆ ತಳ್ಳಿ ನೋಡಿದರು. ಹೋರಿ ಒಂದನ್ನು ಬಿಟ್ಟು, ಎಂದು ಅಂಬ್ರೋಸಿಯೊ ಗೊಣಗಿದ.

“ಕೇಳಿಸ್ತಾ?… ಹೇಳಿದ್ಯಾ ಅವನಿಗೆ?… ಸಿಟ್ಟು ಬಂತಾ? ಬರಲಿ…”

“ಇಲ್ಲ, ನನಗೂ ಭಯ ಇದೆ. ಆದ್ರೆ ಕಣ್ಣಾರೆ ಕಂಡೆ ಅಂತ ಬರೀಬೇಕು ಅಂತೀಯಲ್ಲ, ನಾನು ಕಂಡದ್ದು ನಿನಗೆ ಗೊತ್ತು. ನೀನೂ ನಾನೂ ಒಂದೇ ಸೇತುವೆಯ ಕೆಳಗಿದ್ವಿ. ಫೆರ್ಮಿನಾ ಅಮ್ಮನ ಹುಡುಕ್ಕೊಂಡು ಓಡಿದ್ಲು. ವಿಮಾನ ಎಷ್ಟು ಕೆಳಗಿಳೀತು ಅಂದ್ರೆ ಓಡಿಸ್ತಿದ್ದ ಹುಡುಗನ ಮುಖ ಕಾಣ್ತು ಅಂತ ನೀನೇ ಹೇಳ್ದೆ. ಮೀಸೆ ಇನ್ನೂ ಬಂದಿರಲಿಲ್ಲ ಅಂದೆ. ನಾನಲ್ಲ, ನೀನು…”

“ಮಾತಾಡು…”

“ಎರಡು ತಿಂಗಳಲ್ಲಿ ನಿನ್ನ ಮದುವೆ ಇತ್ತು ಅವಳ ಜೊತೆ. ದಾಖಲೆ ಬರೆದ ಗುಮಾಸ್ತ ಯಾರು?… ‘ಸುಟ್ಟು ಸತ್ತಳು.’ ಆ ಉದ್ದ ಬಾಲದ ಅಕ್ಷರ ಊರಲ್ಲಿ ಇನ್ಯಾರಿಗಿದೆ?… ಮೂವತ್ತೆರಡು ವರ್ಷ ನಾನು ಕೇಳಲಿಲ್ಲ. ನಿನ್ನ ಎದುರು ಕೂತು ಮುಸ್ ಆಡಿದೆ, ನಿನ್ನ ಜೋಡಿಯಾಗಿ ಆಡಿದೆ, ಬಾಯಿ ಬಿಡಲಿಲ್ಲ…”

ಮುಸ್ ಆಟದಲ್ಲಿ ಜೋಡಿಗೆ ಜೋಡಿ ಸನ್ನೆ ಮಾಡುವುದು ಮೋಸವಲ್ಲ, ಆಟದ ನಿಯಮ. ಎರಡು ರಾಜ ಬಂದರೆ ತುಟಿ ಕಚ್ಚುವುದು. ಕೈಯಲ್ಲಿ ಏನೂ ಇಲ್ಲದಿದ್ದರೆ ಕಣ್ಣು ಮುಚ್ಚುವುದು.

“ಎವಾರಿಸ್ತೊ. ಕಣ್ಣು ಮುಚ್ಚಿದ್ದೀಯಾ?…”

“ನನಗೆ ಗೊತ್ತಿತ್ತು. ನನ್ನ ಕೈಯಲ್ಲೂ ಏನಿಲ್ಲ. ಒಂದು ಅಂಗಡಿ, ಒಂದು ಮೀನು ನಾರೋ ಕಾಗದ… ಆದ್ರೂ ಓರ್ದಾಗೊ.”

ಆ ಮಾತಿಗೆ ರೈತರೆಲ್ಲ ತಿರುಗಿದರು. ಓರ್ದಾಗೊ ಎಂದರೆ ಇಡೀ ಆಟವನ್ನೇ ಒಂದು ಕೈಗೆ ಒಡ್ಡಿದ ಹಾಗೆ. ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

“ತಮಾಷೆ ಅಲ್ಲ. ರುಜು ಹಾಕಲ್ಲ. ಚೀಟಿ ಅಂಟಿಸಲ್ಲ. ಇನ್ಮೇಲೆ ಕ್ಯಾಲೆಂಡರ್ ಕೂಡ ಹಾಕಲ್ಲ, ಮಂಗಳವಾರಾನೂ ನೋಡಲಿ ಜನ… ಬೀಗ ತರಲಿ. ಬಾಗಿಲು ತೆಗೆದೇ ಇದೆ…”

“ಏನದು?… ಯಾರು ಕೂಗ್ತಿರೋದು? ಅವನಾ?… ಏನು ಬರೀ ಅಂತಿದ್ದಾನೆ ನಿನಗೆ?… ನನ್ನ ರುಜು? ನೀನು ಹಾಕಬೇಕಾ?… ಅವಳು ಬರೆಯದೆ ಇದ್ರೆ ನೀನೇ ಬರೀ ಅಂತಾನಾ?…”

ಹಿಲಾರಿಯಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಚಿತ್ರಕ್ಕೆ ಬೆನ್ನು ಹಾಕಿ, ಕಾದಳು. ಅಂಬ್ರೋಸಿಯೊ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದ.

“ಏನಂದೆ?… ಸರಿಯಾಗಿ ಕೇಳಲಿಲ್ಲ, ಇನ್ನೊಂದ್ಸಲ ಹೇಳು…”

“ಒಂದು ಸಲ ಬರೆದದ್ದು ಸಾಕು ಅಂದ್ಯಾ?… ಬರೆಯಲ್ಲ ಅಂದ್ಯಾ, ಅವನಿಗೆ?… ನಮ್ಮ ಮಾತಲ್ಲೇ ಹೇಳಿದ್ಯಾ?… ಎವಾರಿಸ್ತೊ?… ಹಲೋ?… ಎವಾರಿ—”