ಕೆರೆಯಾಚೆಯ ಬಯಲಿನ ಉಪಯೋಗ

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಇಬ್ಬರ ಮಾತು, ಬಿಪಿ ನೋಡುವ ನರ್ಸಮ್ಮನ ಕಿವಿಗೆ ತಾನಾಗಿಯೇ ಬಿತ್ತು. ಒಬ್ಬ ಜಮೀನು ಅಳೆಯುವ ಸರ್ವೇಯರ್; ತೊಡೆಯ ಮೇಲೆ ಫಾರಂ ಇಟ್ಟುಕೊಂಡು ತುಂಬುತ್ತಿದ್ದ. ಪಕ್ಕದಲ್ಲಿ ಅವನ ಚಿಕ್ಕಮ್ಮ.

“ಕೆರೆ ಆಚೆ ಬಯಲಿನ ಬಗ್ಗೆ ಏನೋ ಬರೀತಿದ್ದೀಯ?”

“ಅಲ್ಲಿ ಗೋದಾಮು ಕಟ್ತಾರಂತೆ ಚಿಕ್ಕಮ್ಮ. ಜಾಗದಿಂದ ಈಗೇನು ಉಪಯೋಗ ಅಂತ ಕೇಳಿದ್ದಾರೆ. ‘ಇಲ್ಲ’ ಅಂತ ಬರೆದೆ.”

“ಮತ್ತೆ ನಾನು ದಿನಾ ಬೆಳಗ್ಗೆ ನಡೆಯೋದೆಲ್ಲಿ?”

“ನಡೆಯೋದೆಲ್ಲ ಲೆಕ್ಕಕ್ಕೆ ಬರಲ್ಲ. ಉಳಬೇಕು, ಇಲ್ಲಾ ದನ ಮೇಯಿಸಬೇಕು.”

“ನಿನ್ನ ಚಿಕ್ಕಪ್ಪ ಹೋದ್ಮೇಲೆ ಆರು ತಿಂಗಳು ನಿದ್ದೆ ಹತ್ತಲಿಲ್ಲ. ಆ ಹುಲ್ಲಲ್ಲಿ ಓಡಾಡಿದ ಮೇಲೇ ಕಣೋ ನಿದ್ದೆ ಬಂದಿದ್ದು.”

“ಅದನ್ನ ಯಾವ ಕಾಲಂನಲ್ಲಿ ಬರೀಲಿ ಹೇಳಿ?”

ಚಿಕ್ಕಮ್ಮನ ಸರದಿ ಬಂತು. ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ನೋಡಿದಳು; ಹೋದ ಸಲಕ್ಕಿಂತ ಬಿಪಿ ಇಳಿದಿತ್ತು. ಡಾಕ್ಟರ ಚೀಟಿಯಲ್ಲಿ ‘ದಿನಾ ಬಯಲಲ್ಲಿ ನಡಿಗೆ’ ಎಂದಿದ್ದ ಸಾಲಿನ ಮುಂದೆ ಇವತ್ತಿನ ಅಂಕಿ ಬರೆದಳು. ಚಿಕ್ಕಮ್ಮ ಆ ಚೀಟಿಯನ್ನು ಸೀದಾ ಫಾರಂ ಮೇಲಿಟ್ಟರು.

“ಇದನ್ನೂ ಸೇರಿಸು.”

“ಆಫೀಸಲ್ಲಿ ನಗ್ತಾರೆ.”

“ನಗಲಿ ಬಿಡೋ. ನಗಬೇಕಾದ್ರೂ ಓದಲೇಬೇಕಲ್ಲ.”

ಅವನು ‘ಇಲ್ಲ’ ಎಂಬುದನ್ನು ಹೊಡೆದು ಹಾಕಿದ.

“ಸಿಸ್ಟರ್, ಒಂದು ಗುಂಡುಪಿನ್ನು ಇದ್ಯಾ?”

ನರ್ಸಮ್ಮ ಎರಡು ಕೊಟ್ಟಳು, ಒಂದು ಉದುರಿದರೂ ಇನ್ನೊಂದು ಹಿಡಿದಿರಲಿ ಎಂದು.