ಮಾತಿನ ಡಾಕ್ಟರ ಬಾಗಿಲು

ನಾರಿನ್ ಊರಿನ ಆಸ್ಪತ್ರೆಯಲ್ಲಿ ಮಂಡಿನೋವಿಗೆಂದು ಸರದಿ ಕಾಯುತ್ತಿದ್ದ ಉಲ್ಕಾನ್‌ಳ ಪಕ್ಕದಲ್ಲೇ ಯಾರೋ ಅತ್ತೆ ಸೊಸೆ ವಾದಕ್ಕೆ ಬಿದ್ದಿದ್ದರು. ನಡುವೆ ಸೊಸೆಯ ಮಗಳು, ಎಂಟು ವರ್ಷದ ಬೇಗಾಯಿಮ್ ಕೂತಿದ್ದಳು.

“ಮಾತಿನ ಡಾಕ್ಟರ್ ಯಾಕೆ? ಸಂಜೆಯಿಡೀ ವೀರರ ಕಥೆ ಹಾಡೋ ಹುಡುಗಿ, ಮೂಗೀನಾ ಇವಳು?”

“ಹಾಡ್ತಾಳೆ ಅತ್ತೆ, ಓದೋಕಾಗಲ್ಲ. ಪಾಠಾನೂ ಕೇಳಿ ಬಾಯಿಪಾಠ ಮಾಡ್ತಿದ್ಲು. ಟೀಚರ್ ಪುಟ ತಿರುಗಿಸಿದ್ರೂ ಹಳೇದನ್ನೇ ಒಪ್ಪಿಸಿದ್ಲಂತೆ. ಕಳ್ಳಿ ಅಂದ್ರು.”

“ಸೋಮಾರಿತನ, ಇನ್ನೇನು!”

“ಅಲ್ಲ. ಮಾತೊಳಗಿನ ಸದ್ದುಗಳು ಬಿಡಿಬಿಡಿಯಾಗಿ ಇವಳ ಕಿವಿಗೆ ಸಿಗಲ್ಲ. ಡಾಕ್ಟರು ಚಪ್ಪಾಳೆ ತಟ್ಟಿಸಿ, ಆಡಿಸಿ ಅದನ್ನ ಕಲಿಸ್ತಾರೆ. ಆಮೇಲೆ ಅಕ್ಷರ ಕೂಡುತ್ತೆ. ನನ್ನ ತಂಗಿ ಮಗ ಹಂಗೇ ಓದೋಕೆ ಕಲ್ತ. ಇವಳು ಕಲೀದಿದ್ರೆ ಮಂದಬುದ್ಧಿಯೋರ ಶಾಲೆಗೆ ತಳ್ತಾರಂತೆ.”

ಅತ್ತೆ ಮೊಮ್ಮಗಳ ಮುಖ ನೋಡಿ ಅವಳ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ನರ್ಸ್ ಮಾತಿನ ಡಾಕ್ಟರ ಕೋಣೆಯ ಬಾಗಿಲು ತೆರೆದು ಮಗುವನ್ನು ನೋಡಿದಳು.

“ಶಾಲೆ ಸೇರಿದ ಮಕ್ಕಳನ್ನ ಇಲ್ಲಿ ನೋಡಲ್ಲ. ಶಾಲೇಲೇ ಕೇಳಿ.”

“ಶಾಲೆಯೋರೇ ಇಲ್ಲಿಗೆ ಕಳಿಸಿದ್ದು!” ಎಂದಳು ಸೊಸೆ.

“ನಿಯಮ ಇರೋದೇ ಹೀಗಮ್ಮ.”

ಅತ್ತೆ ಧಡಕ್ಕನೆ ಎದ್ದಳು. “ಅವರು ಇಲ್ಲಿಗಟ್ತಾರೆ, ನೀವು ಅಲ್ಲಿಗಟ್ತೀರಿ. ಈ ಮಗು ದಾರೀಲೇ ದೊಡ್ಡೋಳಾಗ್ಬೇಕಾ? ಸರಿ ಆಚೆ!”

ಮೊಮ್ಮಗಳನ್ನೂ ಸೊಸೆಯನ್ನೂ ಎಳೆದುಕೊಂಡು ಅವಳು ಒಳಗೆ ನುಗ್ಗಿದಳು. ನರ್ಸ್ ಬೆನ್ನಟ್ಟಲು ತಿರುಗಿದಾಗ ಉಲ್ಕಾನ್ ತನ್ನ ನೋಯುವ ಕಾಲನ್ನು ನಿಧಾನವಾಗಿ ಅಡ್ಡ ಚಾಚಿದಳು.