ಫೋನಿನಲ್ಲೂ ಕನ್ನಡ ಮಾತ್ರ

ಅಧ್ಯಕ್ಷತೆ ವಹಿಸಿರುವ ನಮ್ಮ ವಾರ್ಡನ್ ದಾಸಮ್ಮ ಮೇಡಂ ಅವರೇ, ಮುಖ್ಯ ಅತಿಥಿಗಳಾದ ನಿವೃತ್ತ ಉಪನ್ಯಾಸಕ ಶಂಕರಲಿಂಗಪ್ಪ ಸರ್ ಅವರೇ, ಬಿಸಿಬೇಳೆಬಾತಿನ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕೂತಿರುವ ಸಹನಾಮೂರ್ತಿಗಳಾದ ಸಭಿಕರೇ,

ರಾಜ್ಯೋತ್ಸವಕ್ಕೆ ನನಗೆ ಕೊಟ್ಟಿರುವ ವಿಷಯ ‘ಭಾಷಾ ಕಾನೂನು ಮತ್ತು ನಮ್ಮ ಹಕ್ಕು’. ಮೈಕ್ ಸ್ಟ್ಯಾಂಡ್ ಹಿಡಿದುಕೊಂಡೇ ಮಾತಾಡುತ್ತೇನೆ, ಅಡ್ಜಸ್ಟ್ ಮಾಡಿಕೊಳ್ಳಿ.

ನಾನು ಪಾವಗಡ ತಾಲ್ಲೂಕಿನ ರಾಯಚರ್ಲಿನವಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಐದನೇ ಕ್ಲಾಸಿನಿಂದ ಓದಿದ ವಸತಿ ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಆಡುವಂತಿರಲಿಲ್ಲ. ಭಾನುವಾರ ಮನೆಗೆ ಫೋನ್. ಅದೂ ಆಫೀಸಿನಲ್ಲಿ, ಸ್ಪೀಕರ್ ಹಾಕಿ, ಇಂಗ್ಲಿಷಿನಲ್ಲೇ. ನಮ್ಮಮ್ಮ ಈಶ್ವರಮ್ಮನಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ಊಟ ಆಯಿತಾ ಅಂತ ಕೇಳಲು “ಪಾಪಾ, ತಿನ್ನಾವಾ?” ಅನ್ನುವಳು. ನಾನು “ಯೆಸ್ ಮದರ್” ಅನ್ನುತ್ತಿದ್ದೆ. ಒಂದು ಭಾನುವಾರ, ನಮ್ಮಜ್ಜಿ ತೀರಿಕೊಂಡಳೆಂದು ಅಮ್ಮ ತೆಲುಗಿನಲ್ಲಿ ಹೇಳಿದಳು. ನಾನು “ಓಕೆ ಮದರ್, ಥ್ಯಾಂಕ್ಯೂ” ಅಂದೆ.

ಇದನ್ನು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು. ಕ್ಷಮಿಸಿ.

ಆ ಸಿಟ್ಟನ್ನು ಮಧುಗಿರಿಯ ಈ ಹಾಸ್ಟೆಲಿಗೂ ತಂದೆ. ‘ಹಾಸ್ಟೆಲ್ ಒಳಗೆ ಕನ್ನಡ ಮಾತ್ರ, ಫೋನಿನಲ್ಲೂ’ ಎಂಬ ನಿಯಮ ಬರೆದವಳು ನಾನು. ಮೊದಲ ಸಹಿ ನನ್ನದು. ಒಂದು ವಾರ ಟ್ರಯಲ್ ನಡೆದಿದೆ. ಇವತ್ತು ಕಾರ್ಯಕ್ರಮ ಮುಗಿದ ಮೇಲೆ ಮೇಡಂ ರುಜು ಹಾಕಿದರೆ ಖಾಯಂ.

ನನ್ನ ರೂಮ್‌ಮೇಟ್ ಅಂಬ್ರೀನ್ ಶಿರಾದವಳು. ಅವಳ ತಾಯಿ ಮೆಹರುನ್ನಿಸಾ ಆಂಟಿಯದು ಬಳೆ ಅಂಗಡಿ. ಅವರ ಕನ್ನಡ ನನ್ನದಕ್ಕಿಂತ ಚೆನ್ನ. ಆದರೆ ಅದು ಅಂಗಡಿಯ ಮಾತು, ಮನೆಯಲ್ಲಿ ಉರ್ದು. ಸೋಮವಾರ ಅಂಬ್ರೀನ್ ನಿಯಮದ ಪ್ರಕಾರ ತಾಯಿಯ ಜೊತೆ ಕನ್ನಡದಲ್ಲಿ ಮಾತಾಡಿದಳು. ಆಂಟಿಯೂ ಕನ್ನಡದಲ್ಲೇ ಕೇಳಿದರು: “ಯಾಕ್ ಬೇಟಾ, ಗಿರಾಕಿ ಹತ್ರ ಮಾತಾಡ್ದಂಗೆ ಮಾತಾಡ್ತೀಯ? ನನ್ ಮ್ಯಾಲೆ ಕೋಪನಾ?”

ಅವಳು ಫೋನ್ ಕಟ್ ಮಾಡಿದಳು. ಮಂಗಳವಾರದಿಂದ ಗೇಟಿನ ಹೊರಗೆ, ಲಾರಿ ಓಡಾಡುವ ರಸ್ತೆಯಲ್ಲಿ ಒಂದು ಕಿವಿ ಮುಚ್ಚಿಕೊಂಡು ಮಾತಾಡುತ್ತಾಳೆ. ಒಳಗೆ ಬಾರೇ ಅಂದರೆ, “ನಿಂದೇ ರೂಲು ಕಣೆ, ನಿಂಗೇ ಮರ್ತೋಯ್ತಾ?” ಅಂದಳು.

ಆಮೇಲೆ ಲೈಬ್ರರಿಗೆ ಹೋಗಿ ಓದಿದೆ. ಅದನ್ನು ಮೊದಲೇ ಮಾಡಬೇಕಿತ್ತು. ಸಂವಿಧಾನದ 350ನೇ ವಿಧಿಯಂತೆ, ಕಷ್ಟದಲ್ಲಿರುವ ಯಾರೇ ಆಗಲಿ ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಮನವಿ ಕೊಡಬಹುದು. ರಾಜ್ಯದ ಕಾನೂನು, ಕಚೇರಿ ಕನ್ನಡದಲ್ಲಿ ನಡೆಯಲಿ ಅನ್ನುತ್ತದೆ. ನಡೆಯಲೇಬೇಕು. ಬ್ಯಾಂಕಿನ ಕೌಂಟರು ನಮ್ಮಮ್ಮನಿಗೆ ಅರ್ಥವಾಗುವಂತೆ ಮಾತಾಡಲೇಬೇಕು. ಆದರೆ ಕೌಂಟರಿನ ಈಚೆಗೆ ನಿಂತವಳು ಮಗಳ ಜೊತೆ ಯಾವ ಭಾಷೆಯಲ್ಲಿ ಮಾತಾಡಬೇಕೆಂದು ಯಾವ ಕಾನೂನು ಹೇಳುತ್ತದೆ? ನಾನು ಹುಡುಕಿದೆ. ಸಿಗಲಿಲ್ಲ. ನಾನು ಬರೆದ ನಿಯಮ ಒಂದೇ ಹಾಗೆ ಹೇಳುತ್ತದೆ.

ಮೇಡಂ, ನಿಮ್ಮ ಮುಂದಿರುವ ಹಾಳೆಯಲ್ಲಿ ನನ್ನ ಸಹಿಯನ್ನು ಗೀಟೆಳೆದು ಹೊಡೆದುಹಾಕಿದ್ದೇನೆ. ಕೇಳದೆ ಮಾಡಿದ್ದಕ್ಕೆ ಬಯ್ಯಿರಿ. ನೋಟಿಸು, ಊಟದ ಪಟ್ಟಿ, ಮೀಟಿಂಗು ಎಲ್ಲ ಕನ್ನಡದಲ್ಲಿರಲಿ, ನಾನೇ ಬರೆದುಕೊಡುತ್ತೇನೆ. ಫೋನಿನ ಸಾಲಿಗೆ ಮಾತ್ರ ರುಜು ಹಾಕಬೇಡಿ. ಹಾಕಿದರೂ, ಇವತ್ತು ಸಂಜೆ ಅಂಬ್ರೀನ್ ತನ್ನ ಮಂಚದ ಮೇಲೆ ಕೂತೇ ಉರ್ದುವಿನಲ್ಲಿ ತಾಯಿಯ ಜೊತೆ ಮಾತಾಡುತ್ತಾಳೆ. ನಿಯಮ ಮುರಿದವರ ಹೆಸರು ಬರೆದುಕೊಳ್ಳುವ ಡ್ಯೂಟಿ ಈ ವಾರ ನನ್ನದು. ನಾನು ಬರೆಯುವುದಿಲ್ಲ.

ಮಧ್ಯದಲ್ಲಿ ಮೈಕ್ ಕಿತ್ತುಕೊಳ್ಳದೆ ಕೇಳಿಸಿಕೊಂಡಿದ್ದಕ್ಕೆ ಮೇಡಂಗೂ ತಮಗೆಲ್ಲರಿಗೂ ವಂದನೆಗಳು. ನಮಸ್ಕಾರ.